ಬಸ್ಸಿನ ಬಾನೆಟ್ ಮೇಲೆ ಕ್ಲಾರಿನೆಟ್ ಇಡಬೇಡಿ

ಮದುವೆ, ರಿಸೆಪ್ಷನ್ ಅಂತ ವಾದ್ಯ ಹೊತ್ತುಕೊಂಡು ಊರೂರು ಸುತ್ತುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮರದ ಕ್ಲಾರಿನೆಟ್ ಇಟ್ಟುಕೊಂಡಿರುವವರು ಪೂರ್ತಿ ಓದಿ. ಬ್ಯಾಗಿನಲ್ಲಿ ಪವರ್ ಬ್ಯಾಂಕ್ ಇರುವವರೂ ಓದಿ. ಅಂದರೆ ಎಲ್ಲರೂ ಓದಿ.

ಜನವರಿಯ ಒಂದು ಶನಿವಾರ. ಚಿಕ್ಕಮಗಳೂರಿನಿಂದ ಕೈಮರ ದಾಟಿ, ಮುಳ್ಳಯ್ಯನಗಿರಿ ಕಡೆ ಹೋಗುವ ದಾರಿಯ ಒಂದು ಕಾಫಿ ತೋಟದಲ್ಲಿ ಸಂಜೆ ರಿಸೆಪ್ಷನ್. ನಮ್ಮದು ಐದು ಜನರ ತಂಡ. ಉಳಿದ ನಾಲ್ವರು ಬೆಳಗ್ಗೆಯೇ ಸೌಂಡ್ ಸಿಸ್ಟಮ್ ಗಾಡಿಯಲ್ಲಿ ಹೋಗಿದ್ದರು. ನನಗೆ ಹಾಸನದಲ್ಲೇ ಬೆಳಗ್ಗೆ ಒಂದು ಮುಹೂರ್ತಕ್ಕೆ ನುಡಿಸುವುದಿತ್ತು. ಅದು ಮುಗಿಸಿ, ಅಲ್ಲೇ ಊಟ ಮಾಡಿ, ಒಂದೂವರೆಗೆ ಬೇಲೂರು ಮೇಲೆ ಹೋಗುವ ಬಸ್ ಹತ್ತಿದೆ. ಸುಮಾರು 60 ಕಿಲೋಮೀಟರ್ ದಾರಿ. ನಿಂತು ನಿಂತು ಹೋಗುವ ಬಸ್ಸಾದರೆ ಎರಡು ಗಂಟೆ ಹಿಡಿಯುತ್ತದೆ.

ಒಂದೇ ಬ್ಯಾಗು. ಅದರಲ್ಲಿ ಕ್ಲಾರಿನೆಟ್ ಪೆಟ್ಟಿಗೆ, ಕ್ಲಿಪ್ ಮೈಕು, ಅದರ ಟ್ರಾನ್ಸ್‌ಮಿಟರ್, ಸ್ವರ ಬರೆದಿಟ್ಟುಕೊಂಡ ಟ್ಯಾಬ್, 20,000 ಎಂಎಎಚ್‌ನ ಪವರ್ ಬ್ಯಾಂಕ್, ಮೂರು ಚಾರ್ಜರ್. ಜಾಗ ಸಾಲದೆ ಒಂದು ಚಾರ್ಜರನ್ನು ಕ್ಲಾರಿನೆಟ್ ಪೆಟ್ಟಿಗೆಯೊಳಗೇ ತುರುಕಿದ್ದೆ. ಇದು ಮೊದಲ ತಪ್ಪು. ಅದರ ಫಲ ಆಮೇಲೆ ಹೇಳುತ್ತೇನೆ.

ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದೆ. ಬೇಲೂರಿನಲ್ಲಿ ಜನ ನುಗ್ಗಿದರು. ಸೀಟಿನಲ್ಲಿ ಮೂರನೆಯವರು ಬಂದು ಕೂತರು. ಕಂಡಕ್ಟರು ನೋಡಿ, "ಏನ್ ಸಾರ್, ಕೂಸಿನ ಥರ ತಬ್ಕೊಂಡು ಕೂತಿದ್ದೀರಲ್ಲ. ಕೊಡಿ ಇಲ್ಲಿ, ಮುಂದೆ ಇಡ್ತೀನಿ, ನಿಮ್ಮ ಕಣ್ಣೆದುರೇ ಇರುತ್ತೆ" ಅಂದರು. ಕೊಟ್ಟೆ. ಅವರು ಅದನ್ನು ಡ್ರೈವರ್ ಪಕ್ಕದ ಇಂಜಿನ್ ಬಾನೆಟ್ ಮೇಲೆ ಇಟ್ಟರು. ಪಕ್ಕದಲ್ಲೇ ಯಾರದೋ ಬಾಳೆಗೊನೆ, ಮೇಲೆ ಇನ್ಯಾರದೋ ಅಕ್ಕಿ ಚೀಲ.

ಕಂಡಕ್ಟರನ್ನು ನಾನು ಬೈಯುವುದಿಲ್ಲ. ಅವರಿಗೆ ಅದು ಒಂದು ಬ್ಯಾಗು, ಅಷ್ಟೇ. ಬಾನೆಟ್ ಕೆಳಗೆ ಇಂಜಿನ್ ಕುದಿಯುತ್ತಿರುತ್ತದೆ ಅನ್ನುವುದು ನನಗೆ ಹೊಳೆಯಬೇಕಿತ್ತು. ಚಿಕ್ಕಮಗಳೂರಿನಲ್ಲಿ ಇಳಿದು ಬ್ಯಾಗ್ ಹೆಗಲಿಗೇರಿಸಿದಾಗ ಬೆನ್ನಿಗೆ ಬಿಸಿ ತಾಗಿತು. ಆಗಷ್ಟೇ ಇಸ್ತ್ರಿ ಮಾಡಿದ ಪಂಚೆಯ ಹಾಗಿತ್ತು. ನಾನು ಏನಂದುಕೊಂಡೆ ಗೊತ್ತಾ? ಚಳಿಗಾಲ, ವಾದ್ಯ ಬೆಚ್ಚಗಿದ್ದರೆ ಒಳ್ಳೆಯದೇ ಅಲ್ವಾ ಅಂತ.

ಟ್ಯಾಬ್ ತೆಗೆದೆ. ಬಿಸಿ ಜಾಸ್ತಿಯಾಗಿದೆ, ತಣ್ಣಗಾಗಲು ಬಿಡಿ ಅಂತ ತೆರೆಯ ಮೇಲೆ ಬರಹ ಬಂತು. ಅದಾದರೂ ಬಾಯಿಬಿಟ್ಟು ಹೇಳಿತು. ಮರಕ್ಕೆ ಆ ಭಾಗ್ಯ ಇಲ್ಲ.

ಒಳ್ಳೆಯ ಕ್ಲಾರಿನೆಟ್ ಮಾಡುವ ಮರ ಆಫ್ರಿಕಾದ್ದು. ಗ್ರೆನಡಿಲ್ಲಾ ಅನ್ನುತ್ತಾರೆ, ಟಾಂಜಾನಿಯಾ, ಮೊಜಾಂಬಿಕ್ ಕಡೆ ಬೆಳೆಯುತ್ತದೆ. ನಮ್ಮ ಮಲೆನಾಡಿನ ಬೀಟೆಯ ಬಳಗದ್ದೇ. ನೀರಿಗೆ ಹಾಕಿದರೆ ಮುಳುಗುವಷ್ಟು ಭಾರ. ನೋಡಲು ಕಬ್ಬಿಣದ ಹಾಗಿದ್ದರೂ ಅದು ಮರವೇ. ಬಿಸಿಗೆ ಒಣಗಿ ಕುಗ್ಗುತ್ತದೆ, ತೇವಕ್ಕೆ ಹಿಗ್ಗುತ್ತದೆ. ನಿಧಾನವಾಗಿ ಆದರೆ ತಡೆದುಕೊಳ್ಳುತ್ತದೆ. ಒಳಗೊಂದು ಥರ, ಹೊರಗೊಂದು ಥರ ಒಮ್ಮೆಲೇ ಆದರೆ ಸೀಳುತ್ತದೆ. ಹಸಿ ಹಲಗೆಯನ್ನು ಬಿಸಿಲಿಗೆ ಹಾಕಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ತೋಟಕ್ಕೆ ಜೀಪಿನಲ್ಲಿ ಹೋದೆ. ಹಿಂದೆ ತೆರೆದ ಜೀಪು, ತಣ್ಣನೆ ಗಾಳಿ. ಐದೂವರೆಗೆ ಸ್ಟೇಜ್ ಹತ್ತಿದಾಗ ಬಿಸಿಲು ಗುಡ್ಡದ ಹಿಂದೆ ಇಳಿದಿತ್ತು. ಸ್ಟೇಜಿಗೆ ಮೂರು ಕಡೆ ಗೋಡೆ ಇಲ್ಲ, ಬರೀ ಹೂವಿನ ಪರದೆ. ಪೆಟ್ಟಿಗೆ ತೆಗೆದು ಜೋಡಿಸುವಾಗ ಕೀಲಿನ ಉಂಗುರಗಳು ಸ್ವಲ್ಪ ಸಡಿಲ ಅನ್ನಿಸಿದವು. ಮರ ಒಣಗಿದೆ ಅನ್ನುವುದಕ್ಕೆ ಅದೇ ಗುರುತು. ನಾನು ಗಮನ ಕೊಡಲಿಲ್ಲ.

ಕೀಬೋರ್ಡಿನವನು ಒಂದು ಸ್ವರ ಹಿಡಿದ. ನಾನು ಊದಿದೆ. "ಗುರು, ಶ್ರುತಿ ಕೆಳಗಿದೆ" ಅಂದ. ಇರಲೇಬೇಕು. ತಣ್ಣನೆ ಕ್ಲಾರಿನೆಟ್ ಶ್ರುತಿ ಇಳಿಸುತ್ತದೆ, ಕೀಬೋರ್ಡಿಗೆ ಚಳಿಯಿಲ್ಲ. ಸಾಮಾನ್ಯವಾಗಿ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ತೂತುಗಳನ್ನೆಲ್ಲ ಮುಚ್ಚಿ ಹತ್ತು ನಿಮಿಷ ಬಿಸಿ ಉಸಿರು ತುಂಬಿದೆ. ಆಮೇಲೆ ಜೋರಾಗಿ ಊದಿ ಊದಿ ಶ್ರುತಿ ಏರಿಸಿದೆ. ಮಧ್ಯಾಹ್ನ ಬಾನೆಟ್ ಮೇಲೆ ಬತ್ತಿದ ಮರ, ಹೊರಗೆ ಚಳಿಗಾಳಿ, ಒಳಗೆ ಮಾತ್ರ ಬಿಸಿ ಮತ್ತು ತೇವ. ಸೀಳಲು ಇನ್ನೇನು ಬೇಕು?

ಸದ್ದೇನೂ ಬರಲಿಲ್ಲ. ಟಿಕ್ ಅಂತ ಕೇಳಿಸುತ್ತದೆ ಅಂತ ಕೆಲವರು ಹೇಳುತ್ತಾರೆ, ನನಗೆ ಕೇಳಿಸಲಿಲ್ಲ. ಮೂರನೆಯ ಹಾಡಿಗೆ ಮಂದ್ರದ ಸ್ವರಗಳು ಕೈಕೊಟ್ಟವು. ಊದಿದರೆ ಕೀರಲು. ತೂತು ಮುಚ್ಚುವ ಪ್ಯಾಡಿನಲ್ಲಿ ನೀರು ನಿಂತಿರಬೇಕು ಅಂತ ಸಿಗರೇಟಿನ ಕಾಗದ ಒತ್ತಿ ಒರೆಸಿದೆ. ಏನೂ ಆಗಲಿಲ್ಲ. ಊಟದ ಬಿಡುವಿನಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿದಾಗ ಕಂಡಿತು. ಮೇಲಿನ ತುಂಡಿನಲ್ಲಿ, ಟ್ರಿಲ್ ಕೀ ಅನ್ನುವ ಸಣ್ಣ ಕೀಯ ತೂತಿನಿಂದ, ಬ್ಯಾರಲ್ (ಬಾಯಿಗಿಡುವ ಭಾಗದ ಕೆಳಗಿನ ಗಿಡ್ಡ ತುಂಡು) ಸೇರುವ ತುದಿಯವರೆಗೆ ಕೂದಲೆಳೆಯಂಥ ಗೆರೆ. ಉಗುರು ತಾಗಿಸಿದರೆ ಸಿಕ್ಕಿಕೊಳ್ಳುತ್ತಿತ್ತು.

ಕೆಳಗಿನ ತುಂಡು ತೆಗೆದು ನೋಡಿದರೆ ಇನ್ನೊಂದು ತೊಂದರೆ. ಪೆಟ್ಟಿಗೆಗೆ ತುರುಕಿದ್ದ ಚಾರ್ಜರ್, ಮೇಲಿನ ಅಕ್ಕಿ ಚೀಲದ ಭಾರಕ್ಕೆ ಒತ್ತಿ, ಎರಡೂ ತುಂಡುಗಳನ್ನು ಸೇರಿಸುವ ಬ್ರಿಡ್ಜ್ ಕೀಯನ್ನು ಬಗ್ಗಿಸಿತ್ತು.

ಈಗ ಎರಡನೆಯ ಅನಾಹುತ, ಇದು ಪೂರ್ತಿ ನಾನೇ ಮಾಡಿಕೊಂಡದ್ದು. ಸೌಂಡ್ ಹುಡುಗನ ಹತ್ತಿರ ಐದು ರೂಪಾಯಿಯ ಅಂಟಿನ ಟ್ಯೂಬ್ ಇತ್ತು. "ಒಂದು ಹನಿ ಬಿಡಿ ಅಣ್ಣ, ಕಲ್ಲಾಗುತ್ತೆ" ಅಂದ. ಬಿಟ್ಟೆ. ಒಂದು ಹನಿ ನಾಲ್ಕಾಯಿತು. ಗೆರೆಯ ಮೇಲೆ ನಿಲ್ಲದೆ ಟ್ರಿಲ್ ಕೀಯ ತೂತಿಗೆ ಇಳಿದು, ಪ್ಯಾಡನ್ನು ಮರಕ್ಕೆ ಹಿಡಿಸಿಬಿಟ್ಟಿತು. ಅದು ಹೆಚ್ಚು ಹೊತ್ತು ಮುಚ್ಚಿಯೇ ಇರುವ ತೂತು. ಹಾಗಾಗಿ ಆ ರಾತ್ರಿ ಹೇಗೋ ದೂಡಿದೆ. ಕೀರಲು ಸ್ವರಗಳಿದ್ದ ಹಾಡುಗಳನ್ನು ಬಿಟ್ಟೆವು. ಮದುಮಗಳ ಅಜ್ಜಿ ಕೇಳಿದ ಹಾಡೂ ಅದರಲ್ಲಿತ್ತು.

ಹನ್ನೊಂದು ಗಂಟೆಗೆ ಬ್ಯಾಗ್ ಕಟ್ಟುವಾಗ ಪವರ್ ಬ್ಯಾಂಕ್ ಕೈಗೆ ಸಿಕ್ಕಿತು. ಮೇಲಿನ ಮುಚ್ಚಳ ಬಾಯಿ ತೆರೆದಿತ್ತು, ಒಳಗಿನ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಬಸ್ ಸ್ಟ್ಯಾಂಡ್ ಪಕ್ಕ ಅಗ್ಗಕ್ಕೆ ಸಿಕ್ಕಿದ ಮಾಲು, ಅದೂ ಒಂದು ಕಾರಣ ಇರಬಹುದು. ತಬಲದವರು ಪಿನ್ನು ಹಿಡಿದುಕೊಂಡೇ ಬಂದರು, ಚುಚ್ಚಿ ಗಾಳಿ ತೆಗೆಯೋಣ ಅಂತ. ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ಲಿಥಿಯಂ ಬ್ಯಾಟರಿ ಉಬ್ಬಿದರೆ ಒಳಗಿರುವುದು ಬರೀ ಗಾಳಿಯಲ್ಲ, ಹೊತ್ತಿಕೊಳ್ಳುವ ಅನಿಲ. ಚುಚ್ಚಿದರೆ ಒಳಗಿನ ಪದರಗಳು ಒಂದಕ್ಕೊಂದು ತಾಗಿ ಅಲ್ಲೇ ಬೆಂಕಿ. ಚಾರ್ಜಿಗೂ ಹಾಕಬಾರದು, ಒತ್ತಿ ಕೂರಿಸಲೂ ಬಾರದು. ನಾನು ಅದನ್ನು ತೆಗೆದುಕೊಂಡು ಹೋಗಿ ಕಾಫಿ ಒಣಗಿಸುವ ಕಣದ ಖಾಲಿ ಮೂಲೆಯಲ್ಲಿ, ಬರೀ ಸಿಮೆಂಟಿನ ಮೇಲೆ ಇಟ್ಟೆ. ಬೆಳಗ್ಗೆ ತೋಟದ ರೈಟರು ಬಂದು, "ಸಾರ್, ಅಲ್ಲಿ ಹಣ್ಣು ಹರಡ್ಬೇಕು, ಏನದು?" ಅಂದರು. ವಿಷಯ ಹೇಳಿದ ಮೇಲೆ ಹತ್ತಿರವೇ ಬರಲಿಲ್ಲ. ಊರಿಗೆ ಮರಳನ್ನು ತುಂಬಿದ ತಗಡಿನ ಡಬ್ಬದಲ್ಲಿ ತಂದು, ಹಳೇ ಬ್ಯಾಟರಿ ತೆಗೆದುಕೊಳ್ಳುವವರಿಗೆ ಕೊಟ್ಟೆ.

ಐಫೋನಿನವರೇ ಫೋನನ್ನು 45 ಡಿಗ್ರಿಗಿಂತ ಬಿಸಿಯಾದ ಕಡೆ ಇಡಬೇಡಿ ಅನ್ನುತ್ತಾರೆ. ಮುಚ್ಚಿದ ಕಾರಿನಲ್ಲಿ ಬೇಸಿಗೆಯ ಮಧ್ಯಾಹ್ನ ಅದನ್ನು ಸುಲಭವಾಗಿ ದಾಟುತ್ತದೆ. ಬಾನೆಟ್ ಬಗ್ಗೆ ಕೇಳಲೇಬೇಡಿ. ವಿಮಾನದಲ್ಲಿ ಹೋಗುವವರಿಗೆ ಇನ್ನೊಂದು ಮಾತು: ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕುವ ಹಾಗಿಲ್ಲ. 100 ವ್ಯಾಟ್ ಅವರ್‌ವರೆಗೆ ಯಾರನ್ನೂ ಕೇಳಬೇಕಿಲ್ಲ. 20,000 ಎಂಎಎಚ್‌ನದು 74 ವ್ಯಾಟ್ ಅವರ್ ಆಗುತ್ತದೆ.

ಕ್ಲಾರಿನೆಟ್ ಬೆಂಗಳೂರಿಗೆ ಹೋಯಿತು. ರಿಪೇರಿಯವರು ಬಿರುಕಿಗಿಂತ ಅಂಟನ್ನು ನೋಡಿ ಸಿಟ್ಟಾದರು. ಬಿರುಕಿಗೆ ಅಡ್ಡಲಾಗಿ ಸಣ್ಣ ಪಿನ್ನು ಹೊಡೆದು ಹಿಡಿಸುವುದು ಅವರಿಗೆ ದಿನದ ಕೆಲಸವಂತೆ. ಆದರೆ ಮೊದಲು ನನ್ನ ಅಂಟನ್ನು ಕೆರೆದು, ಹರಿದ ಪ್ಯಾಡ್ ಕಿತ್ತು, ತೂತಿನ ಅಂಚನ್ನು ಸರಿಮಾಡಬೇಕಾಯಿತು. "ಹಾಗೇ ತಂದಿದ್ರೆ ಅರ್ಧ ದುಡ್ಡಿಗೆ ಮುಗೀತಿತ್ತು" ಅಂದರು. 8,500 ರೂಪಾಯಿ ಆಯಿತು, ಮೂರು ವಾರ ಹಿಡಿಯಿತು. ಮದುವೆಯ ದಿನಗಳಲ್ಲಿ ಮೂರು ವಾರ ಅಂದರೆ ಏನು ಅಂತ ನಿಮಗೇ ಗೊತ್ತು.

ಬಿರುಕು ಬಿಟ್ಟರೆ ಅಂಟು ಮುಟ್ಟಬೇಡಿ. ಊದುವುದನ್ನು ನಿಲ್ಲಿಸಿ, ಒಳಗೆ ಬಟ್ಟೆ ಎಳೆದು ಒರೆಸಿ, ಬಿಚ್ಚಿ ಪೆಟ್ಟಿಗೆಗೆ ಹಾಕಿ ತೆಗೆದುಕೊಂಡು ಹೋಗಿ. ಚಳಿಯಲ್ಲಿ ನುಡಿಸುವ ಮೊದಲು ಬ್ಯಾರಲ್ ಮತ್ತು ಮೇಲಿನ ತುಂಡನ್ನು ಸ್ವೆಟರ್ ಒಳಗೆ ಕಂಕುಳಲ್ಲಿ ಕಾಲು ಗಂಟೆ ಇಟ್ಟುಕೊಳ್ಳಿ. ನೋಡುವವರು ನಗುತ್ತಾರೆ, ನಗಲಿ. ಮರ ಹೊರಗಿನಿಂದ ಬೆಚ್ಚಗಾಗಬೇಕು, ಒಳಗಿನಿಂದಲ್ಲ. ಒಣ ಹವೆಯ ತಿಂಗಳುಗಳಲ್ಲಿ ಪೆಟ್ಟಿಗೆಯೊಳಗೆ ಕಿತ್ತಳೆ ಸಿಪ್ಪೆಯ ಒಂದು ಚೂರು ಇಡುವುದು ಹಳಬರ ಉಪಾಯ, ಕೆಲಸ ಮಾಡುತ್ತದೆ. ಆದರೆ ಎರಡು ದಿನಕ್ಕೊಮ್ಮೆ ಬದಲಿಸಿ. ಮಳೆಗಾಲದಲ್ಲಂತೂ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ.

ಈಗ ನನ್ನದು ಎರಡು ಬ್ಯಾಗು. ಬ್ಯಾಟರಿ, ಚಾರ್ಜರ್, ವೈರು ಎಲ್ಲ ಒಂದರಲ್ಲಿ, ಅದನ್ನು ಕಾಲ ಬಳಿ ಇಡುತ್ತೇನೆ. ವಾದ್ಯ ಇನ್ನೊಂದರಲ್ಲಿ, ತೊಡೆಯ ಮೇಲೆ. ಬಯಲಿನ ಕಾರ್ಯಕ್ರಮಕ್ಕೆ ಪ್ಲಾಸ್ಟಿಕ್ಕಿನದೊಂದು ಕ್ಲಾರಿನೆಟ್ ಕೊಂಡೆ. ನಾದ ಅಷ್ಟು ದುಂಡಗಿಲ್ಲ, ಒಪ್ಪುತ್ತೇನೆ. ಮೈಕಿನ ಮುಂದೆ, ಊಟದ ಗಲಾಟೆಯಲ್ಲಿ, ಯಾರಿಗೂ ವ್ಯತ್ಯಾಸ ಗೊತ್ತಾಗಿಲ್ಲ.

ಅಪ್ಪನಿಗೆ ಮಾತ್ರ ಗೊತ್ತಾಯಿತು. ಅವರು ಬ್ಯಾಂಡ್‌ಸೆಟ್ಟಿನಲ್ಲಿ ಎಬೊನೈಟಿನ, ಅಂದರೆ ಗಟ್ಟಿ ರಬ್ಬರಿನ, ಕ್ಲಾರಿನೆಟ್ ನುಡಿಸಿದವರು. ಕ್ಲಾರಿಯೋನೆಟ್ ಅಂತಲೇ ಕರೆಯುತ್ತಾರೆ. ಬಿಸಿಲಿಗೆ ಅದರ ಕಪ್ಪು ಮಾಸಿ ಕಂದಾಗಿತ್ತೇ ಹೊರತು ಒಂದು ದಿನ ಬಿರುಕು ಬಿಟ್ಟಿರಲಿಲ್ಲ. ರಿಪೇರಿಯಾಗಿ ಬಂದ ನನ್ನದನ್ನು ಕೈಯಲ್ಲಿ ಹಿಡಿದು, ಬಿರುಕಿದ್ದ ಜಾಗದ ಮೇಲೆ ಹೆಬ್ಬೆರಳು ಆಡಿಸಿ, "ಬಾನೆಟ್ ಮೇಲೆ ಇಟ್ಯೇನೋ?" ಅಂದರು, ಅಷ್ಟೇ. ಬರುವ ವಾರ ಸಕಲೇಶಪುರದಲ್ಲಿ ಕಾರ್ಯಕ್ರಮ ಇದೆ, ಪ್ಲಾಸ್ಟಿಕ್ಕಿನದನ್ನೇ ತೆಗೆದುಕೊಂಡು ಹೋಗುತ್ತಿದ್ದೇನೆ. ಮರದ್ದು ಅಪ್ಪನ ಬೀರುವಿನಲ್ಲಿದೆ. ಬೀಗದಕೈ ಅವರ ಹತ್ತಿರ.