ಕೆಟ್ಟ ಲ್ಯಾಪ್‌ಟಾಪಿನ ಸ್ಕ್ರೀನ್‌ನ ಮಾನಿಟರ್ ಮಾಡೋ ಬೋರ್ಡು: 5ಕ್ಕೆ 4 ಸ್ಟಾರ್

ಮದರ್‌ಬೋರ್ಡ್ ಹೋಗಿ ಮೂಲೇಲಿ ಬಿದ್ದಿರೋ ಲ್ಯಾಪ್‌ಟಾಪ್ ಇದ್ಯಾ, ಸ್ಕ್ರೀನ್ ಮಾತ್ರ ಚೆನ್ನಾಗಿದ್ಯಾ, ಹಾಗಾದ್ರೆ ಗುಜರಿಗೆ ಹಾಕೋಕ್ಮುಂಚೆ ಈ ಎಲ್‌ಸಿಡಿ ಕಂಟ್ರೋಲರ್ ಬೋರ್ಡ್ ಒಮ್ಮೆ ನೋಡಿ. ಅಂಗೈಯಷ್ಟಗಲದ ಬೋರ್ಡು, ಒಂದ್ಕಡೆ ಎಚ್‌ಡಿಎಂಐ, ಇನ್ನೊಂದ್ಕಡೆ ಪ್ಯಾನೆಲ್‌ಗೆ, ಅಂದ್ರೆ ಆ ಸ್ಕ್ರೀನ್‌ಗೆ ಹೋಗೋ ಕೇಬಲ್ಲು, ಬಟನ್‌ಗಳಿರೋ ಚಿಕ್ಕ ಪಟ್ಟಿ, ಕಿಟ್ ಅಂದ್ರೆ ಇಷ್ಟೇ. 12 ವೋಲ್ಟ್ ಅಡಾಪ್ಟರ್ ಇದ್ರಲ್ಲಿ ಬರಲ್ಲ, ನಾನು ಹಳೇ ರೌಟರ್‌ದೇ ಹಾಕಿದೀನಿ, ಆರಾಮಾಗಿ ಓಡ್ತಿದೆ.

ಆರ್ಡರ್ ಮಾಡೋಕ್ಮುಂಚೆ ಪ್ಯಾನೆಲ್ ಬಿಚ್ಚಿ ಹಿಂದಿನ ಸ್ಟಿಕ್ಕರ್ ಮೇಲಿರೋ ನಂಬರ್ ಓದ್ಲೇಬೇಕು, ಆ ಪ್ಯಾನೆಲ್‌ಗೆ ಹೊಂದೋ ಬೋರ್ಡೇ ತರಿಸ್ಬೇಕು. ಲ್ಯಾಪ್‌ಟಾಪ್ ಮಾಡೆಲ್ ಹೇಳಿದ್ರೆ ಪ್ರಯೋಜನ ಇಲ್ಲ, ಯಾಕಂದ್ರೆ ಒಂದೇ ಮಾಡೆಲ್‌ಗೆ ಬೇರೆ ಬೇರೆ ಪ್ಯಾನೆಲ್ ಹಾಕಿರ್ತಾರೆ. ಪಿನ್ ಎಣಿಸಿ ತಗೋತೀನಿ ಅಂದ್ರೂ ಆಗಲ್ಲ, ಎಲ್‌ವಿಡಿಎಸ್ ಅನ್ನೋ ಹಳೇ ಥರದ ಪ್ಯಾನೆಲ್ ಕನೆಕ್ಷನ್‌ನಲ್ಲೂ 30 ಪಿನ್ ಇರುತ್ತೆ, ಇಡಿಪಿ ಅನ್ನೋ ಹೊಸ ಥರದ್ರಲ್ಲೂ 30 ಪಿನ್ ಇರುತ್ತೆ, ಸಿಗ್ನಲ್ ಮಾತ್ರ ಪೂರ್ತಿ ಬೇರೆ. ಇನ್ನೂ ಹಳೇದಾಗಿ ಒಳಗೆ ಟ್ಯೂಬ್ ಬ್ಯಾಕ್‌ಲೈಟ್ (ಸ್ಕ್ರೀನ್ ಹಿಂದಿನ ಬೆಳಕು) ಇದ್ರೆ ಅದನ್ನ ಉರಿಸೋಕೆ ಇನ್ವರ್ಟರ್ ಅನ್ನೋ ಚಿಕ್ಕ ಬೋರ್ಡ್ ಬೇರೆ ಬೇಕು, ಅದ್ರಲ್ಲಿ ನೂರಾರು ವೋಲ್ಟ್ ಬರುತ್ತೆ, ಅಭ್ಯಾಸ ಇಲ್ದೋರು ಆ ಸಹವಾಸಕ್ಕೆ ಹೋಗ್ಬೇಡಿ.

ನಂದು 1366×768ರ ಇಡಿಪಿ ಪ್ಯಾನೆಲ್ಲು. ಕನೆಕ್ಟರ್‌ನ ಮೇಲಿಂದ ಒತ್ತಬಾರ್ದು, ಪ್ಯಾನೆಲ್ ಮೇಲೆ ಮಟ್ಟಸವಾಗಿಟ್ಟು ಎರಡೂ ತುದಿಗೆ ಉಗುರು ಕೊಟ್ಟು ಮೆಲ್ಲಗೆ ಜಾರಿಸ್ಬೇಕು, ಆಮೇಲೆ ಮೇಲೊಂದು ಟೇಪ್. ಪವರ್ ಕೊಟ್ಟ ತಕ್ಷಣ ಚಿತ್ರ ಬಂತು, ಕಂಪ್ಯೂಟರ್ ತಾನಾಗೇ ಗುರುತಿಸ್ತು, ಡ್ರೈವರ್ ಗಿವರ್ ಏನೂ ಕೇಳ್ಲಿಲ್ಲ. ಮೆನು ಮಾತ್ರ ಚೈನೀಸು! ಬಟನ್ ಒತ್ತಿ ಒತ್ತಿ ಇಂಗ್ಲಿಷ್‌ಗೆ ತರೋಷ್ಟರಲ್ಲಿ ಸಾಕಾಯ್ತು, ಒಂದು ಕಾಗದದ ಚೂರಾದ್ರೂ ಇಡಬಾರ್ದಾ ಮಾರಾಯ್ರೆ, ಒಂದು ಸ್ಟಾರ್ ಅಲ್ಲೇ ಕಟ್.

ಬೋರ್ಡಿಗಿಂತ ಜಾಸ್ತಿ ತಲೆ ತಿಂದಿದ್ದು ಕೇಸಿಂಗು. ಕೊನೆಗೆ ಲ್ಯಾಪ್‌ಟಾಪಿನ ಮುಚ್ಚಳಾನೇ ಫ್ರೇಮ್ ಸಮೇತ ಉಳಿಸ್ಕೊಂಡು ಹಿಂದೆ ಬೋರ್ಡ್ ಕೂರಿಸ್ದೆ. ಮುಚ್ಚಳ ಲೋಹದ್ದಾದ್ರೆ ಬೋರ್ಡಿನ ಕೆಳಗೆ ಪ್ಲಾಸ್ಟಿಕ್ ಸ್ಪೇಸರ್ ಹಾಕ್ಲೇಬೇಕು, ಬೆಸುಗೆ ತುದಿ ತಾಗಿದ್ರೆ ಶಾರ್ಟ್ ಆಗುತ್ತೆ.

ಕ್ಯಾಮೆರಾ ಫೀಡ್ ನೋಡೋಕೆ, ಕೋಡ್ ಬರೆಯುವಾಗ ಪಕ್ಕದಲ್ಲೊಂದು ಎರಡನೇ ಸ್ಕ್ರೀನ್‌ಗೆ ಧಾರಾಳ. ಫೋಟೋ ಎಡಿಟಿಂಗ್‌ಗೆ ಬೇಡ, ಅಗ್ಗದ ಪ್ಯಾನೆಲ್‌ನಲ್ಲಿ ಸ್ವಲ್ಪ ಕೆಳಗಿಂದ ನೋಡಿದ್ರೂ ಬಣ್ಣ ತಿರುಗುತ್ತೆ. ಇದಕ್ಕೋಸ್ಕರ ಅಂತ ಪ್ಯಾನೆಲ್ ದುಡ್ಡು ಕೊಟ್ಟು ತರೋದಾದ್ರೆ ಮಾತ್ರ ಬಿಟ್ಬಿಡಿ, ಸೆಕೆಂಡ್‌ಹ್ಯಾಂಡ್ ಮಾನಿಟರೇ ವಾಸಿ. ಟಚ್ ಸ್ಕ್ರೀನ್ ಇರೋರು ಕೇಳ್ತೀರ ಅಂತ ಹೇಳ್ಬಿಡ್ತೀನಿ, ಈ ಬೋರ್ಡಲ್ಲಿ ಟಚ್ ಕನೆಕ್ಷನ್ನೇ ಇಲ್ಲ, ಬರೀ ಚಿತ್ರ ಬರುತ್ತೆ.