ಖಣದ ಲಂಗ ಮತ್ತು ಬಟ್ಟೆಯ ಮೊಗ್ಗಿನ ಜಡೆ

ಕೃಷ್ಣ ಜನ್ಮಾಷ್ಟಮಿಗೆಂದು ನಮ್ಮ ಇಬ್ಬರು ಮಕ್ಕಳಿಗೆ, ಮಲ್ಲೇಶ್ವರದ ಗೃಹಿಣಿಯೊಬ್ಬರು ಮನೆಯಲ್ಲೇ ಹೊಲಿದುಕೊಡುವ ಉಡುಪುಗಳನ್ನು ತರಿಸಿದೆವು. ನಾಲ್ಕು ವರ್ಷದ ಮಗಳ ಲಂಗಕ್ಕೆ ಬಳಸಿರುವುದು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದ ಖಣ. ಕುಪ್ಪಸಕ್ಕೆಂದೇ ನೇಯುತ್ತ ಬಂದ ಈ ಬಟ್ಟೆಯ ಅಗಲ ಕಡಿಮೆಯಾದ್ದರಿಂದ, ಅಂಚು ಕೆಳಗೆ ಬರುವಂತೆ ತುಂಡುಗಳನ್ನು ಜೋಡಿಸಿ ನೆರಿಗೆ ಹಿಡಿಯುವುದು ಸುಲಭವಲ್ಲ. ಇಲ್ಲಿ ಜೋಡಣೆಯ ಗೆರೆ ನೆರಿಗೆಯೊಳಗೇ ಅಡಗಿದೆ. ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಲೈನಿಂಗ್ ಇದೆ. ಸೊಂಟಕ್ಕೆ ಲಾಡಿ ಕೊಟ್ಟು, ಕೆಳಗೆ ನಾಲ್ಕು ಬೆರಳಿನಷ್ಟು ಮಡಿಕೆ ಬಿಟ್ಟಿರುವುದರಿಂದ ಮುಂದಿನ ವರ್ಷ ಹೊಲಿಗೆ ಬಿಚ್ಚಿ ಉದ್ದ ಮಾಡಿಕೊಳ್ಳಬಹುದು.

ಬಿಳಿ ಬಟ್ಟೆಯನ್ನು ಸುರುಳಿ ಸುತ್ತಿ ಮಾಡಿದ ಮೊಗ್ಗಿನ ಜಡೆಗೆ ಮಲ್ಲಿಗೆಯ ಘಮವಿಲ್ಲ ಎಂಬುದನ್ನು ನನ್ನ ಅತ್ತೆಯವರು ಒಪ್ಪದ ಮುಖದಲ್ಲೇ ಗಮನಿಸಿದರು. ಆದರೂ ಅದು ಹಗುರವಾಗಿದ್ದು, ಗಿಡ್ಡ ಕೂದಲಿನ ಮೇಲೂ ಎರಡು ಕ್ಲಿಪ್ಪುಗಳಲ್ಲಿ ಸಂಜೆಯವರೆಗೆ ನಿಂತಿತು.

ಮಗನ ಕಿರೀಟ ಮಾತ್ರ ನಿರಾಸೆ ತಂದಿತು. ನವಿಲುಗರಿಯನ್ನು ಭದ್ರವಾಗಿ ಹೊಲಿದಿದ್ದರೂ ಮಣಿಗಳನ್ನು ಬರಿಯ ಅಂಟಿನಿಂದ ಕೂರಿಸಿದ್ದರಿಂದ ಮೊದಲ ದಿನವೇ ಐದಾರು ಉದುರಿದವು. ಕಂಡದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿಗೆ ಇದು ಅಪಾಯಕಾರಿ. ತಿಳಿಸಿದಾಗ ಅವರು ಕಿರೀಟವನ್ನು ಹಿಂಪಡೆದು, ಮಣಿಯ ಜಾಗದಲ್ಲಿ ಜರಿ ದಾರದ ಕಸೂತಿ ಹಾಕಿಕೊಟ್ಟರು.

ಬೆಲೆ ಸಿದ್ಧ ಉಡುಪಿಗಿಂತ ಹೆಚ್ಚು; ಅಳತೆಯನ್ನು ಹಬ್ಬಕ್ಕೆ ಒಂದು ತಿಂಗಳು ಮೊದಲೇ ಕೊಡಬೇಕು.