ಕೊಡಗಿನಿಂದ ಹೊರಡುವ ಹೊಸಬರಿಗೆ ಲಿಂಕ್ಡ್‌ಇನ್ ಎಷ್ಟು ಉಪಯುಕ್ತ: ಒಂದು ವಿಮರ್ಶೆ

ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಕಡೆ ಪದವಿ ಮುಗಿಸಿದ ಹುಡುಗ ಹುಡುಗಿಯರಲ್ಲಿ ಅನೇಕರು, ಉದ್ಯೋಗದ ಪರಿಚಯಗಳಿಗೆಂದೇ ಇರುವ ಜಾಲತಾಣವಾದ ಲಿಂಕ್ಡ್‌ಇನ್‌ನಲ್ಲಿ ಖಾತೆ ತೆರೆದು, ಒಂದು ಫೋಟೋ ಹಾಕಿ, ಆಮೇಲೆ ಅದರತ್ತ ತಿರುಗಿಯೂ ನೋಡಿರುವುದಿಲ್ಲ. ಕಾಫಿ ಬೀಜ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್ ಒಂದರ ಕಚೇರಿಯಲ್ಲಿರುವ ನನಗೆ ಹೊಸಬರ ಅರ್ಜಿಗಳನ್ನು ನೋಡುವ ಹೊಣೆಯೂ ಇರುವುದರಿಂದ, ಈ ಸೇವೆಯನ್ನು ಕೆಲಸ ಹುಡುಕುವವರ ಕಡೆಯಿಂದಲೂ ಕೆಲಸ ಕೊಡುವವರ ಕಡೆಯಿಂದಲೂ ಬಳಸಿ ನೋಡುವ ಅವಕಾಶ ಸಿಕ್ಕಿದೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕೊಡಗಿನೊಳಗೇ ಕೆಲಸ ಬೇಕೆನ್ನುವವರಿಗೆ ಇದರಿಂದ ಆಗುವ ಲಾಭ ಅಷ್ಟಕ್ಕಷ್ಟೆ. ಜಿಲ್ಲೆಯ ಹೊರಗೆ ಹೋಗಬೇಕೆನ್ನುವವರಿಗೆ, ಅದರಲ್ಲೂ ಹೊರಗೆ ತಮ್ಮವರೆಂದು ಹೇಳಿಕೊಳ್ಳಲು ಯಾರೂ ಇಲ್ಲದವರಿಗೆ, ಇಷ್ಟು ಉಪಯೋಗಕ್ಕೆ ಬರುವ ಇನ್ನೊಂದು ಉಚಿತ ಸೌಲಭ್ಯ ನನಗೆ ಕಂಡಿಲ್ಲ. ಹಣ ಕೊಟ್ಟು ಪಡೆಯುವ ಪ್ರೀಮಿಯಂ ಮಾತ್ರ ವೃತ್ತಿಯ ಆರಂಭದಲ್ಲಿ ಬೇಡ.

ನಮ್ಮಲ್ಲಿ ಪರಿಚಯಕ್ಕೇನೂ ಬರವಿಲ್ಲ. ಯಾರನ್ನಾದರೂ ಮೊದಲ ಸಲ ಕಂಡರೆ ಕೇಳುವ ಪ್ರಶ್ನೆಯೇ "ನೀವು ಯಾವ ಮನೆಯವರು?" ಎಂಬುದು, ಮನೆತನದ ಹೆಸರು ಹೇಳಿದ ಮೇಲೆ ಎರಡು ನಿಮಿಷದಲ್ಲಿ ಯಾವುದೋ ಒಂದು ನಂಟು ಹೊರಬೀಳುತ್ತದೆ. 1997ರಲ್ಲಿ ಕರಡ ಗ್ರಾಮದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದಾಗ 360 ಕುಟುಂಬಗಳ ತಂಡಗಳು ಪಾಲ್ಗೊಂಡಿದ್ದವು. ಇಂಥ ಪಂದ್ಯಗಳ ಗ್ಯಾಲರಿಯಲ್ಲಿ ಕುಳಿತು "ನಮ್ಮ ಹುಡುಗನಿಗೊಂದು ದಾರಿ ತೋರಿಸಿ" ಎಂದು ಹೇಳಿ ಆದ ಕೆಲಸಗಳೆಷ್ಟೋ. ಆದರೆ ಈ ನಂಟಿನ ಬಲವಿರುವುದು ಸೇನೆ, ತೋಟ, ಹೋಮ್‌ಸ್ಟೇ, ಹೋಟೆಲು ಮುಂತಾದ ಕೆಲವೇ ಕ್ಷೇತ್ರಗಳಲ್ಲಿ. ಡೇಟಾ ಅನಾಲಿಸ್ಟ್ ಆಗಬೇಕೆನ್ನುವವಳಿಗೂ, ಔಷಧ ಕಂಪನಿಯ ಗುಣಮಟ್ಟ ವಿಭಾಗ ಸೇರಬೇಕೆನ್ನುವವನಿಗೂ ಅಲ್ಲಿ ಸಿಗುವುದು ಶುಭ ಹಾರೈಕೆ ಮಾತ್ರ. ಇನ್ನು ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದು ಓದಿ ಮೇಲೆ ಬಂದ ಮಕ್ಕಳಿಗೆ "ಯಾವ ಮನೆಯವರು" ಎಂಬ ಪ್ರಶ್ನೆಯಿಂದ ಬಾಗಿಲು ತೆರೆಯುವುದಿರಲಿ, ಕೆಲವೊಮ್ಮೆ ಮುಚ್ಚಿಕೊಳ್ಳುವುದೂ ಉಂಟು. ಲಿಂಕ್ಡ್‌ಇನ್‌ಗೆ ನಾನು ಹೆಚ್ಚು ಅಂಕ ಕೊಡುವುದು ಮುಖ್ಯವಾಗಿ ಇಂಥವರನ್ನು ಮನಸ್ಸಿನಲ್ಲಿಟ್ಟುಕೊಂಡು.

ಹತ್ತಿರದವರಿಗಿಂತ ಅರೆಪರಿಚಿತರಿಂದಲೇ ಹೊಸ ಕೆಲಸದ ಸುದ್ದಿ ಹೆಚ್ಚಾಗಿ ಬರುತ್ತದೆ ಎಂಬ ವಾದವನ್ನು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಮಂಡಿಸಿದ್ದರು. ನಮ್ಮ ಆಪ್ತರಿಗೆ ಗೊತ್ತಿರುವುದು ಬಹುಮಟ್ಟಿಗೆ ನಮಗೂ ಗೊತ್ತಿರುತ್ತದೆ, ದೂರದ ಪರಿಚಯದವರು ಬೇರೆ ಬಳಗದಲ್ಲಿ ಓಡಾಡುವುದರಿಂದ ಬೇರೆ ಸುದ್ದಿ ತರುತ್ತಾರೆ ಎಂಬುದು ಅದರ ತಿರುಳು. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷಗಳ ಕಾಲ ನಡೆದ ಪ್ರಯೋಗಗಳ ಫಲಿತಾಂಶ 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದಾಗ ಈ ವಾದಕ್ಕೆ ಬಲ ಬಂದಿತು, ಜೊತೆಗೆ ಒಂದು ತಿದ್ದುಪಡಿಯೂ ಬಂದಿತು: ಹೆಚ್ಚು ನೆರವಾಗುವವರು ತೀರಾ ಅಪರಿಚಿತರಲ್ಲ, ಒಂದಷ್ಟು ಜನ ಸಮಾನ ಪರಿಚಿತರಿರುವ ಮಧ್ಯಮ ದೂರದವರು. ಡಿಜಿಟಲ್ ತಂತ್ರಜ್ಞಾನ ಹೆಚ್ಚಾಗಿ ಬಳಕೆಯಾಗುವ ಉದ್ಯಮಗಳಲ್ಲಿ ಈ ಸಡಿಲ ನಂಟುಗಳೂ, ಅದರ ಬಳಕೆ ಕಡಿಮೆ ಇರುವ ಉದ್ಯಮಗಳಲ್ಲಿ ಗಟ್ಟಿ ನಂಟುಗಳೂ ಕೆಲಸಕ್ಕೆ ಬರುತ್ತವೆ ಎಂದು ಅದೇ ಅಧ್ಯಯನ ಹೇಳುತ್ತದೆ. ಕೊಡಗಿನಲ್ಲಿ ನಾನು ಕಾಣುತ್ತಿರುವುದಕ್ಕೂ ಇದು ಸರಿಯಾಗಿ ಹೊಂದುತ್ತದೆ. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೆಲಸವನ್ನು ಯಾರೂ ಲಿಂಕ್ಡ್‌ಇನ್‌ನಲ್ಲಿ ಹುಡುಕುವುದಿಲ್ಲ, ತೋಟದ ಯಾವ ಸಾಹುಕಾರರೂ ಅಲ್ಲಿ ಜಾಹೀರಾತು ಕೊಡುವುದೂ ಇಲ್ಲ.

ಹಾಗಾದರೆ ಆ ಮಧ್ಯಮ ದೂರದವರನ್ನು ಹುಡುಕುವುದು ಹೇಗೆ? ಈ ಸೇವೆಯ ಅತ್ಯಂತ ಬೆಲೆಬಾಳುವ ಭಾಗ ಕಾಲೇಜಿನ ಪುಟದಲ್ಲಿರುವ ಹಳೆಯ ವಿದ್ಯಾರ್ಥಿಗಳ ಪಟ್ಟಿ. ನಮ್ಮವರು ಮುಟ್ಟದೇ ಬಿಟ್ಟಿರುವುದೂ ಅದನ್ನೇ. ಮಡಿಕೇರಿಯ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಕಾಲೇಜಿರಲಿ, ಪೊನ್ನಂಪೇಟೆಯ ಅರಣ್ಯ ಕಾಲೇಜಿರಲಿ, ನಿಮ್ಮ ಕಾಲೇಜಿನ ಪುಟಕ್ಕೆ ಹೋಗಿ ಆ ವಿಭಾಗವನ್ನು ತೆರೆದರೆ, ಅಲ್ಲಿ ಓದಿದವರು ಈಗ ಯಾವ ಊರಿನಲ್ಲಿದ್ದಾರೆ, ಯಾವ ಸಂಸ್ಥೆಯಲ್ಲಿದ್ದಾರೆ, ಯಾವ ಬಗೆಯ ಕೆಲಸದಲ್ಲಿದ್ದಾರೆ ಎಂದು ಬೇರೆಬೇರೆಯಾಗಿ ಸೋಸಿ ನೋಡಬಹುದು. ನಿಮ್ಮ ನೇರ ಪರಿಚಯದವರು ಒಂದನೇ ಹಂತ, ಅವರ ಪರಿಚಯದವರು ಎರಡನೇ ಹಂತ ಎಂದು ಹೆಸರಿನ ಪಕ್ಕದಲ್ಲೇ ಗುರುತು ಇರುತ್ತದೆ. ಆ ಎರಡನೇ ಹಂತದವರ ಹೆಸರನ್ನು ಒತ್ತಿದರೆ ನಡುವೆ ಯಾರಿದ್ದಾರೆಂಬುದೂ ತಿಳಿಯುತ್ತದೆ. ನಡುವಿನವರು ನಿಮ್ಮ ಹಳೆಯ ಲೆಕ್ಚರರ್ ಆಗಿದ್ದರೆ ಒಂದು ಫೋನ್ ಕರೆ ಸಾಕು. ಒಂದು ಎಚ್ಚರಿಕೆ: ವಿದ್ಯಾಭ್ಯಾಸದ ವಿವರ ತುಂಬುವಾಗ ಕಾಲೇಜಿನ ಹೆಸರನ್ನು ನಿಮಗೆ ತೋಚಿದಂತೆ ಟೈಪ್ ಮಾಡಿ ಬಿಡದೆ, ಕೆಳಗೆ ಮೂಡುವ ಹೆಸರುಗಳಿಂದಲೇ ಆರಿಸಿಕೊಳ್ಳಬೇಕು. ಇಲ್ಲದಿದ್ದರೆ ನೀವು ಆ ಪಟ್ಟಿಯೊಳಗೆ ಸೇರುವುದೇ ಇಲ್ಲ, ನಿಮ್ಮನ್ನು ಹುಡುಕುವವರಿಗೆ ನೀವು ಸಿಗುವುದೂ ಇಲ್ಲ.

ಪರಿಚಯದ ಕೋರಿಕೆಯ ಜೊತೆ ಒಂದು ಸಣ್ಣ ಟಿಪ್ಪಣಿ ಸೇರಿಸಲು ಅವಕಾಶವಿದೆ. ಉಚಿತ ಖಾತೆಯವರಿಗೆ ತಿಂಗಳಿಗೆ ಕೆಲವೇ ಟಿಪ್ಪಣಿಗಳು, ಅದೂ ಅಕ್ಷರಗಳ ಮಿತಿಯೊಳಗೆ, ಎಂಬ ನಿರ್ಬಂಧ ಮೊದಲು ನನಗೂ ಕಿರಿಕಿರಿ ಎನಿಸಿತ್ತು. ಈಗ ಅದು ಒಳ್ಳೆಯದೇ ಎನಿಸುತ್ತದೆ, ಏಕೆಂದರೆ ಯಾರಿಗೆ ಬರೆಯಬೇಕು, ಏನು ಕೇಳಬೇಕು ಎಂದು ಯೋಚಿಸದೆ ಬೇರೆ ದಾರಿಯಿಲ್ಲ. ಸುಂಟಿಕೊಪ್ಪದ ಕಡೆಯ ಎಸ್ಟೇಟ್ ರೈಟರ್ ಒಬ್ಬರ ಮಗಳು ಬಿ.ಕಾಂ. ಮುಗಿಸಿ, "ಗೌರವಾನ್ವಿತರೇ, ನಿಮ್ಮ ಸಂಸ್ಥೆಯಲ್ಲಿ ಯಾವುದಾದರೂ ಕೆಲಸವಿದ್ದರೆ ದಯವಿಟ್ಟು ಕೊಡಿಸಿ" ಎಂದು ಕಂಡಕಂಡವರಿಗೆಲ್ಲ ಕಳುಹಿಸುತ್ತಿದ್ದಳು. ಒಬ್ಬರಿಂದಲೂ ಉತ್ತರ ಬರಲಿಲ್ಲ. ಆಮೇಲೆ ಅದೇ ಕಾಲೇಜಿನಲ್ಲಿ ಓದಿ, ತೋಟದ ಲೆಕ್ಕಪತ್ರದ ಕೆಲಸದಿಂದ ಆರಂಭಿಸಿ ಮೈಸೂರಿನ ಆಡಿಟ್ ಕಚೇರಿಯೊಂದಕ್ಕೆ ಸೇರಿದ್ದ ಮಹಿಳೆಯೊಬ್ಬರನ್ನು ಹುಡುಕಿ, ಕನ್ನಡದಲ್ಲೇ ಹೀಗೆ ಬರೆದಳು: "ನಮಸ್ಕಾರ ಮೇಡಂ, ನಾನೂ ನಿಮ್ಮ ಕಾಲೇಜಿನಲ್ಲೇ ಬಿ.ಕಾಂ. ಮಾಡಿದವಳು. ಟ್ಯಾಲಿ, ಜಿಎಸ್‌ಟಿ ರಿಟರ್ನ್ ಗೊತ್ತು. ತೋಟದ ಲೆಕ್ಕದಿಂದ ಆಡಿಟ್ ಕಡೆಗೆ ಹೋಗಲು ಮೊದಲು ಏನು ಕಲಿಯಬೇಕು?" ಮರುದಿನವೇ ಉತ್ತರ ಬಂತು: "ಎಕ್ಸೆಲ್ ಚೆನ್ನಾಗಿ ಕಲಿಯಮ್ಮಾ, ಪಿವಟ್ ಟೇಬಲ್ ಬರುವುದಿಲ್ಲವೆಂದರೆ ಇಂಟರ್‌ವ್ಯೂನಲ್ಲೇ ಗೊತ್ತಾಗಿಬಿಡುತ್ತದೆ." ಅವಳು ಕಲಿತು ಮತ್ತೆ ಬರೆದಾಗ ಆ ಮಹಿಳೆ ತಮ್ಮ ಪರಿಚಯದ ಇನ್ನೊಂದು ಕಚೇರಿಯ ಹೆಸರು ಕೊಟ್ಟರು. ಎರಡನೆಯ ಸಲ ಬರೆದದ್ದೇ ಇಲ್ಲಿ ಮುಖ್ಯ. ಹೆಚ್ಚಿನವರು ಸಲಹೆ ಪಡೆದ ಮೇಲೆ "ಥ್ಯಾಂಕ್ಯೂ ಮೇಡಂ" ಎಂದು ಹೇಳಿ ನಾಪತ್ತೆಯಾಗುತ್ತಾರೆ. ಹೇಳಿದ್ದನ್ನು ಮಾಡಿದೆ ಎಂದು ಆರು ವಾರ ಬಿಟ್ಟು ತಿಳಿಸುವವರು ಕಡಿಮೆಯಾದ್ದರಿಂದ ಅವರ ಹೆಸರು ನೆನಪಿನಲ್ಲಿ ಉಳಿಯುತ್ತದೆ.

ಇದೆಲ್ಲ ಬರವಣಿಗೆಯಲ್ಲೇ ನಡೆಯುವುದು ನಮ್ಮಂಥ ಊರಿನವರಿಗೆ ಅನುಕೂಲ. ಜೂನ್, ಜುಲೈ ತಿಂಗಳ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋದರೆ, ಭಾಗಮಂಡಲದ ಕಡೆ ಟವರೂ ಕೈಕೊಡುತ್ತದೆ. ವಿಡಿಯೋ ಕರೆಯ ಮಾತೇ ಇಲ್ಲ. ಸಂದೇಶವನ್ನಾದರೆ ಮೊಬೈಲಿನಲ್ಲಿ ಬರೆದಿಟ್ಟುಕೊಂಡು ಸಿಗ್ನಲ್ ಸಿಕ್ಕಾಗ ಕಳುಹಿಸಬಹುದು.

ಕೊರತೆಗಳೂ ಕಡಿಮೆಯಿಲ್ಲ. 2003ರಲ್ಲಿ ಬಳಕೆಗೆ ಬಂದ ಈ ಸೇವೆಯನ್ನು ಮೈಕ್ರೋಸಾಫ್ಟ್ 2016ರಲ್ಲಿ 2,620 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಇದರ ಆದಾಯದ ದೊಡ್ಡ ಪಾಲು ನೇಮಕಾತಿ ಮಾಡುವ ಸಂಸ್ಥೆಗಳಿಂದ ಬರುತ್ತದೆ, ಹಾಗಾಗಿ ಇದರ ವ್ಯವಸ್ಥೆಯೆಲ್ಲ ಅವರ ಅನುಕೂಲಕ್ಕೆ ತಕ್ಕಂತೆ ಇದೆ. ಕನ್ನಡದಲ್ಲಿ ಬರೆದ ಸಂದೇಶ ಊರಿನವರಿಗೆ ಮುಟ್ಟುತ್ತದೆ ನಿಜ, ಆದರೆ ನೇಮಕಾತಿಯವರು ಇಂಗ್ಲಿಷ್ ಪದಗಳನ್ನು ಹಾಕಿ ಹುಡುಕುವುದರಿಂದ ಪ್ರೊಫೈಲ್ ಇಂಗ್ಲಿಷಿನಲ್ಲೇ ಇರಬೇಕಾಗುತ್ತದೆ. ಹೆಸರಿನ ಕೆಳಗಿನ ಸಾಲಿಗೆ 220 ಅಕ್ಷರಗಳ ಜಾಗವಿದೆ. ಅಲ್ಲಿ "ಉತ್ಸಾಹಿ ಪದವೀಧರ" ಎಂದು ಬರೆಯುವ ಬದಲು ಯಾವ ಕೆಲಸ ಬರುತ್ತದೆ ಎಂಬುದನ್ನು ಬರೆಯಬೇಕು. ತೆರೆದ ಕೂಡಲೇ ಕಾಣುವ ಪೋಸ್ಟ್‌ಗಳಂತೂ ಬಡ್ತಿ ಸಿಕ್ಕಿದವರ ಮೆರವಣಿಗೆ. ಹೊಸಬರು ಅದನ್ನು ನೋಡುತ್ತಾ ಕುಳಿತರೆ ಕೀಳರಿಮೆಯ ಹೊರತು ಏನೂ ದಕ್ಕುವುದಿಲ್ಲ. ಕೆಲಸ ಕೊಡಿಸುವುದಾಗಿ ಹೇಳಿ ರಿಜಿಸ್ಟ್ರೇಷನ್ ಶುಲ್ಕವೆಂದೋ ಲ್ಯಾಪ್‌ಟಾಪ್ ಠೇವಣಿಯೆಂದೋ ಹಣ ಕೇಳುವವರು ಇಲ್ಲಿಯೂ ಇದ್ದಾರೆ. ಹಣ ಕೇಳಿದ ಕ್ಷಣವೇ ಅಲ್ಲಿಗೆ ಮಾತು ಮುಗಿಸಬೇಕು.

ಕಾಫಿಯನ್ನೇ ವೃತ್ತಿಯಾಗಿ ಆರಿಸಿಕೊಂಡವರ ವಿಷಯ ಸ್ವಲ್ಪ ಬೇರೆ. ಚೆರಿಯ (ಒಣಗಿಸಿದ ಕಾಫಿ ಹಣ್ಣಿನ) ಔಟ್‌ಟರ್ನ್, ಅಂದರೆ ಅದರಿಂದ ಎಷ್ಟು ಬೀಜ ಸಿಗುತ್ತದೆಂದು ನೋಡುವುದು, ಪಾರ್ಚ್‌ಮೆಂಟ್ (ಸಿಪ್ಪೆ ತೆಗೆದು ತೊಳೆದ ಕಾಫಿ) ಒಣಗಿದೆಯೇ ಎಂದು ಕಳದಲ್ಲಿ ನಿಂತು ಹೇಳುವುದು ಇವೆಲ್ಲ ಎದುರಾಎದುರು ಕಲಿಯುವ ವಿದ್ಯೆ. ಅಂಥವರು ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರಕ್ಕೂ ಬೆಳೆಗಾರರ ಸಭೆಗಳಿಗೂ ಹೋಗಿ ಮುಖಪರಿಚಯ ಮಾಡಿಕೊಳ್ಳುವುದು ಮೇಲು. ಆದರೆ ಕಾಫಿ ಹುರಿಯುವ ರೋಸ್ಟರಿ, ರಫ್ತು ಸಂಸ್ಥೆ, ರುಚಿ ನೋಡಿ ಗುಣಮಟ್ಟ ಅಳೆಯುವ ಕಪ್ಪಿಂಗ್ ಲ್ಯಾಬ್ ಕಡೆ ಹೋಗುವವರಿಗೆ ಬೇಕಾದವರು ಬೆಂಗಳೂರಿನಲ್ಲಿದ್ದಾರೆ, ಲಿಂಕ್ಡ್‌ಇನ್‌ನಲ್ಲೂ ಇದ್ದಾರೆ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಲ್ಲಿ ವಿಶ್ವ ಕಾಫಿ ಸಮ್ಮೇಳನ ನಡೆಯಿತಲ್ಲ, ಅಂಥ ಕಡೆ ಕೈಕುಲುಕಿದವರ ಹೆಸರನ್ನು ಅದೇ ಸಂಜೆ ಹುಡುಕಿ, ಮಾತನಾಡಿದ ವಿಷಯವನ್ನು ಒಂದು ಸಾಲಿನಲ್ಲಿ ನೆನಪಿಸಿ ಕೋರಿಕೆ ಕಳುಹಿಸಿದರೆ ವಿಸಿಟಿಂಗ್ ಕಾರ್ಡಿಗಿಂತ ಹೆಚ್ಚು ದಿನ ಉಳಿಯುತ್ತದೆ.

ಕೆಲಸ ಹುಡುಕುತ್ತಿದ್ದೇನೆ ಎಂದು ಸೂಚಿಸುವ ಸೌಲಭ್ಯವನ್ನು ಎಚ್ಚರದಿಂದ ಬಳಸಬೇಕು. ಫೋಟೋದ ಸುತ್ತ ಹಸಿರು ಪಟ್ಟಿ ಹಾಕಿಕೊಂಡರೆ ಎಲ್ಲರಿಗೂ ಕಾಣುತ್ತದೆ. ಸಂಜೆಯೊಳಗೆ ಸುದ್ದಿ ಮಾಲೀಕರ ಕಿವಿಗೆ ಬೀಳುವಷ್ಟು ಚಿಕ್ಕ ಊರು ನಮ್ಮದು. ನೇಮಕಾತಿಯವರಿಗೆ ಮಾತ್ರ ಕಾಣುವಂತೆ ಇಡುವ ಆಯ್ಕೆಯೂ ಇದೆ, ಆದರೂ ಪೂರ್ಣ ಗೌಪ್ಯತೆಯ ಭರವಸೆಯನ್ನು ಸಂಸ್ಥೆಯೇ ಕೊಡುವುದಿಲ್ಲ. ಯಾವ ಊರುಗಳಲ್ಲಿ ಕೆಲಸ ಬೇಕೆಂಬ ಕಡೆ ಮೈಸೂರು, ಬೆಂಗಳೂರು, ಮಂಗಳೂರು ಎಂದು ಸೇರಿಸಿ. ಮಡಿಕೇರಿ ಒಂದನ್ನೇ ಹಾಕಿ ಸುಮ್ಮನಾದರೆ ಹೊರಗಿನವರು ಊರಿನ ಹೆಸರು ಹಾಕಿ ಸೋಸುವಾಗ ನೀವು ಜಾರಿಹೋಗುತ್ತೀರಿ.

ಪ್ರೀಮಿಯಂನಲ್ಲಿ ಸಿಗುವುದು ಪರಿಚಯವಿಲ್ಲದವರಿಗೆ ನೇರವಾಗಿ ಕಳುಹಿಸಬಹುದಾದ ಕೆಲವು ಇನ್‌ಮೇಲ್‌ಗಳು, ನಿಮ್ಮ ಪ್ರೊಫೈಲ್ ನೋಡಿದವರ ಪೂರ್ಣ ಪಟ್ಟಿ, ಕಲಿಕೆಯ ವಿಡಿಯೋಗಳು. ಪ್ರೊಫೈಲ್ ನೋಡುವವರೇ ಇಲ್ಲದ ಕಾಲದಲ್ಲಿ ಆ ಪಟ್ಟಿಗೆ ಹಣ ಕೊಡುವುದು ದಂಡ, ಇನ್‌ಮೇಲ್‌ಗಿಂತ ಹಳೆಯ ಲೆಕ್ಚರರ್ ಹೇಳುವ ಒಂದು ಮಾತಿಗೆ ತೂಕ ಹೆಚ್ಚು. ಮೊದಲ ಸಲ ಪ್ರಯತ್ನಿಸುವವರಿಗೆ ಸಾಮಾನ್ಯವಾಗಿ ಒಂದು ತಿಂಗಳು ಉಚಿತವಾಗಿ ಕೊಡುತ್ತಾರೆ. ಇಂಟರ್‌ವ್ಯೂಗಳು ಸಾಲಾಗಿ ಬರುವ ತಿಂಗಳಿಗೆಂದು ಅದನ್ನು ಉಳಿಸಿಕೊಳ್ಳಿ. ಕಾರ್ಡಿನ ವಿವರ ಮೊದಲೇ ಕೇಳುವುದರಿಂದ, ಅವಧಿ ಮುಗಿಯುವ ಮುನ್ನ ರದ್ದು ಮಾಡಲು ಮೊಬೈಲಿನಲ್ಲಿ ಅಲಾರಂ ಇಟ್ಟುಕೊಳ್ಳಿ. ಫೆಬ್ರುವರಿಯಲ್ಲಿ, ರೋಬಸ್ಟಾ ಕೊಯ್ಲಿನ ನಡುವೆ, ಮನೆಯವರೆಲ್ಲ ತೋಟದಲ್ಲಿರುವಾಗ ಮಾತ್ರ ಅದನ್ನು ಆರಂಭಿಸಬೇಡಿ.